ಕಲ್ಲಾದ ಚಕ್ಕುಲಿ: ಅಮೋನೈಟ್ ಹೆಕ್ಕುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಟಿವಿ ಪಕ್ಕದ ಕಪಾಟಿನ ತುಂಬ ಕಲ್ಲುಗಳಿವೆ. ಕಾಫಿಗೆ ಬಂದವರು ಒಂದನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ‘ಇದೇನ್ರೀ, ಚಕ್ಕುಲಿ ಕಲ್ಲಾಗಿದೆಯಾ?’ ಎನ್ನುತ್ತಾರೆ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಎಲ್ಲಿ ಸಿಕ್ತು, ತಗೊಂಡು ಬರಬಹುದಾ, ನಮಗೂ ಸಿಗುತ್ತಾ, ನಮ್ಮಜ್ಜಿ ಮನೆಯ ಸಾಲಿಗ್ರಾಮವೂ ಇದೇನಾ? ಇಂಗ್ಲೆಂಡಿನ ದಕ್ಷಿಣದಲ್ಲಿ ಕೆಲಸಕ್ಕಿದ್ದು, ರಜೆ ಸಿಕ್ಕಾಗಲೆಲ್ಲ ಡಾರ್ಸೆಟ್ ಕಡಲ ದಂಡೆಗೆ ಓಡುವವನು ನಾನು. ಈ ಕಲ್ಲುಗಳು ಅಮೋನೈಟ್, ಅಂದರೆ ಎಂದೋ ಅಳಿದು ಹೋದ ಕಡಲ ಪ್ರಾಣಿಯ ಕಲ್ಲಾದ ಚಿಪ್ಪು. ಭೂವಿಜ್ಞಾನ ಓದಿದವನಲ್ಲ. ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡು ಕಲಿತದ್ದು ಇಲ್ಲಿದೆ.

ಅಮೋನೈಟ್ ಅಂದರೆ ಬಸವನಹುಳು ತಾನೇ?

ನೋಡೋಕೆ ಹಾಗೆ ಕಾಣುತ್ತದೆ, ಅಷ್ಟೇ. ಬಸವನಹುಳುವಿನ ಚಿಪ್ಪಿನೊಳಗೆ ಒಂದೇ ಉದ್ದನೆಯ ಕೊಳವೆ. ಅಮೋನೈಟ್ ಚಿಪ್ಪಿನೊಳಗೆ ಸಾಲಾಗಿ ಕೋಣೆಗಳು. ಪ್ರಾಣಿ ವಾಸವಿದ್ದದ್ದು ಬಾಯಿಯ ಹತ್ತಿರದ ಕೊನೆಯ ಕೋಣೆಯಲ್ಲಿ ಮಾತ್ರ. ಬೆಳೆದ ಹಾಗೆ ಮುಂದಕ್ಕೆ ಜರುಗುತ್ತಾ, ಹಿಂದೆ ಗೋಡೆ ಕಟ್ಟುತ್ತಾ ಹೋಗುತ್ತಿತ್ತು. ಖಾಲಿಯಾದ ಕೋಣೆಗಳಿಂದ ನೀರನ್ನು ಹೀರಿ ತೆಗೆಯಲು ಒಂದು ಸಣ್ಣ ನಾಳ. ನೀರು ಹೋದ ಜಾಗದಲ್ಲಿ ಅನಿಲ ತುಂಬುತ್ತಿತ್ತು. ಹಾಗಾಗಿ ಚಿಪ್ಪು ಹೊತ್ತರೂ ತಳಕ್ಕೆ ಮುಳುಗದೆ ತೇಲುತ್ತಿತ್ತು.

ಇದರ ಹತ್ತಿರದ ನೆಂಟರು ಆಕ್ಟೋಪಸ್ ಮತ್ತು ಸ್ಕ್ವಿಡ್, ಅಂದರೆ ಮಲ್ಪೆ ಮೀನು ಮಾರ್ಕೆಟ್ಟಿನ ನಮ್ಮ ಬೊಂಡಾಸ್. ಈಗಲೂ ಬದುಕಿರುವ ನಾಟಿಲಸ್ ನೋಡಲು ಅಮೋನೈಟ್ ತರಹವೇ ಇದ್ದರೂ ಸ್ವಲ್ಪ ದೂರದ ಸಂಬಂಧಿ. ಎರಡನ್ನೂ ಬೇರೆ ಮಾಡಲು ಸುಲಭದ ಗುರುತು ಆ ನಾಳವೇ. ನಾಟಿಲಸ್‌ನಲ್ಲಿ ಅದು ಕೋಣೆಗಳ ನಡುವೆ ಹಾದು ಹೋಗುತ್ತದೆ. ಅಮೋನೈಟ್‌ನಲ್ಲಿ ಹೊರ ಅಂಚಿಗೆ ಅಂಟಿಕೊಂಡಿರುತ್ತದೆ.

ಹೆಸರು ಬಂದದ್ದು ಈಜಿಪ್ಟಿನ ಅಮುನ್ ದೇವರಿಂದ. ಆ ದೇವರಿಗೆ ಟಗರಿನ ಕೊಂಬು. ಸುರುಳಿ ಸುತ್ತಿದ ಈ ಕಲ್ಲುಗಳನ್ನು ರೋಮನ್ ಲೇಖಕ ಪ್ಲಿನಿ ‘ಅಮ್ಮೋನನ ಕೊಂಬು’ ಎಂದು ಕರೆದ. ನನ್ನನ್ನು ಕೇಳಿದ್ದರೆ ಚಕ್ಕುಲಿ ಅಂತಲೇ ಇಡುತ್ತಿದ್ದೆ. ಸುತ್ತು, ಮೇಲಿನ ಮುಳ್ಳು, ಎಲ್ಲಾ ಅದೇ.

ಎಲ್ಲಿಗೆ ಹೋದರೆ ಸಿಗುತ್ತದೆ?

ಮೊದಲ ಸಲ ಹೋಗುವವರಿಗೆ ನಾನು ಹೇಳುವ ಜಾಗ ಒಂದೇ, ಡಾರ್ಸೆಟ್‌ನ ಚಾರ್ಮತ್. ಪಕ್ಕದಲ್ಲೇ ಲೈಮ್ ರೀಜಿಸ್ ಊರು. ಲಂಡನ್ನಿನ ವಾಟರ್ಲೂ ಸ್ಟೇಷನ್ನಿನಿಂದ ಆಕ್ಸ್‌ಮಿನ್‌ಸ್ಟರ್‌ಗೆ ನೇರ ರೈಲಿದೆ, ಅಲ್ಲಿಂದ ಬಸ್. ಈ ಕರಾವಳಿಯ ಸುಮಾರು 153 ಕಿಲೋಮೀಟರ್ ಉದ್ದವನ್ನು 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜುರಾಸಿಕ್ ಕೋಸ್ಟ್ ಅಂತ ಎಲ್ಲರೂ ಕರೆಯುವುದು ಇದನ್ನೇ. ಪಶ್ಚಿಮದಿಂದ ಪೂರ್ವಕ್ಕೆ ನಡೆದರೆ 18.5 ಕೋಟಿ ವರ್ಷಗಳ ಕಲ್ಲಿನ ಪದರಗಳನ್ನು ದಾಟಿದ ಹಾಗೆ.

ಚಾರ್ಮತ್ ಯಾಕೆ ಅಂದರೆ, ಅಲ್ಲಿನ ದಡ ಗಟ್ಟಿ ಬಂಡೆಯಲ್ಲ. ಕಪ್ಪು ಜೇಡಿಮಣ್ಣಿನಂಥ ಮೆತ್ತನೆ ಕಲ್ಲು. ಮಳೆ ಬಂದರೆ ಕರಗಿ ಹರಿಯುತ್ತದೆ, ಅಲೆ ಬಡಿದರೆ ಕುಸಿಯುತ್ತದೆ. ಊರಿನ ಒಂದು ಕಡೆ ಬ್ಲ್ಯಾಕ್ ವೆನ್ ಗುಡ್ಡ, ಇನ್ನೊಂದು ಕಡೆ ಸ್ಟೋನ್‌ಬ್ಯಾರೋ. ಎರಡೂ ಪ್ರತಿ ಚಳಿಗಾಲ ಸ್ವಲ್ಪ ಸ್ವಲ್ಪವಾಗಿ ಸಮುದ್ರಕ್ಕೆ ಇಳಿಯುತ್ತಿವೆ. ಮಣ್ಣನ್ನು ಅಲೆ ತೊಳೆದುಕೊಂಡು ಹೋಗುತ್ತದೆ. ಒಳಗಿದ್ದ ಗಟ್ಟಿ ಪದಾರ್ಥ ದಂಡೆಯ ಮೇಲೆ ಉಳಿಯುತ್ತದೆ. ಅಗೆಯುವ ಕೆಲಸವನ್ನೆಲ್ಲ ಸಮುದ್ರವೇ ಮಾಡಿಕೊಟ್ಟಿರುತ್ತದೆ.

ಹೀಗೆ ಹೆಕ್ಕಿಕೊಂಡು ಬರೋದು ಕಳ್ಳತನ ಅಲ್ವಾ? ವಿಶ್ವ ಪರಂಪರೆಯ ತಾಣ ಅಂತೀರಿ!

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಇಷ್ಟ. ಹಂಪಿಯಲ್ಲಿ ಒಂದು ಕಲ್ಲು ಎತ್ತಿಕೊಂಡರೆ ಏನಾಗುತ್ತದೆ ಅಂತ ಗೊತ್ತಿರುವವರ ಪ್ರಶ್ನೆ ಇದು.

ಇಲ್ಲಿ ಲೆಕ್ಕ ಬೇರೆ. ದಂಡೆಗೆ ಬಿದ್ದ ಅಮೋನೈಟನ್ನು ಯಾರೂ ಎತ್ತದಿದ್ದರೆ ಅದು ಅಲ್ಲೇ ಭದ್ರವಾಗಿ ಇರುವುದಿಲ್ಲ. ಅಲೆಗಳ ಉರುಳಾಟಕ್ಕೆ ಸಿಕ್ಕಿ ಸವೆದು ಹೋಗುತ್ತದೆ. ಹಾಗಾಗಿ ಲೈಮ್ ರೀಜಿಸ್‌ನಿಂದ ಬರ್ಟನ್ ಬ್ರಾಡ್‌ಸ್ಟಾಕ್‌ವರೆಗಿನ ಪಶ್ಚಿಮ ಡಾರ್ಸೆಟ್ ದಂಡೆಗೆ ಪಳೆಯುಳಿಕೆ ಹೆಕ್ಕುವವರಿಗೆಂದೇ ಒಂದು ನೀತಿ ಸಂಹಿತೆ ಮಾಡಿದ್ದಾರೆ. ಸಾರಾಂಶ ಇಷ್ಟು. ದಂಡೆಯ ಮೇಲೆ ಬಿಡಿಯಾಗಿ ಬಿದ್ದದ್ದನ್ನು ಎತ್ತಿಕೊಳ್ಳಬಹುದು. ಗುಡ್ಡದ ಗೋಡೆಯಲ್ಲಿ ಕೂತಿರುವುದನ್ನು ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಅಗೆಯುವ ಹಾಗಿಲ್ಲ. ವಿಜ್ಞಾನಕ್ಕೆ ಮುಖ್ಯ ಅನ್ನಿಸುವಂಥದ್ದೇನಾದರೂ ಸಿಕ್ಕರೆ, ಉದಾಹರಣೆಗೆ ಸಮುದ್ರ ಸರೀಸೃಪದ ಮೂಳೆಗಳ ಜೋಡಣೆ, ಚಾರ್ಮತ್‌ನ ಹೆರಿಟೇಜ್ ಕೋಸ್ಟ್ ಸೆಂಟರ್‌ನಲ್ಲಿ ತೋರಿಸಿ ದಾಖಲು ಮಾಡಿಸಬೇಕು. ದಾಖಲಾದರೂ ವಸ್ತು ಹೆಕ್ಕಿದವರದ್ದೇ.

ಒಂದು ಜಾಗದಲ್ಲಿ ಮಾತ್ರ ಕೈ ಕಟ್ಟಿಕೊಳ್ಳಬೇಕು. ಲೈಮ್ ರೀಜಿಸ್‌ನ ಮಾನ್‌ಮತ್ ಬೀಚಿನಲ್ಲಿ ಸಮುದ್ರ ಇಳಿದಾಗ ಒಂದು ಚಪ್ಪಟೆ ಸುಣ್ಣಕಲ್ಲಿನ ಹಾಸು ಕಾಣುತ್ತದೆ. ಅದರ ತುಂಬ ಊಟದ ತಟ್ಟೆಗಿಂತ ದೊಡ್ಡ ಅಮೋನೈಟುಗಳ ಅಚ್ಚು. ಬಾಗಿಲ ಮುಂದೆ ಯಾರೋ ರಂಗೋಲಿ ಬಿಟ್ಟು ಹೋದ ಹಾಗಿದೆ. ಅದನ್ನು ನೋಡಿ, ಫೋಟೋ ತೆಗೆದು, ಸುಮ್ನೆ ವಾಪಸ್ ಬರಬೇಕು.

ಇದು ಡಾರ್ಸೆಟ್ ಮಾತು ಅನ್ನುವುದು ನೆನಪಿರಲಿ. ಬೇರೆ ದಂಡೆ, ಬೇರೆ ದೇಶದಲ್ಲಿ ಕಾನೂನು ಬೇರೆ. ಕೆನಡಾದ ಆಲ್ಬರ್ಟಾದಲ್ಲಿ ಕಾಮನಬಿಲ್ಲಿನ ಬಣ್ಣ ಹೊಳೆಯುವ ಅಮೋನೈಟ್ ಸಿಗುತ್ತದೆ, ಆಭರಣಕ್ಕೂ ಬಳಸುತ್ತಾರೆ. ಅಲ್ಲಿ ಪಳೆಯುಳಿಕೆ ಸರ್ಕಾರದ ಸ್ವತ್ತು. ಅನುಮತಿ ಇಲ್ಲದೆ ಪ್ರಾಂತ್ಯದ ಗಡಿ ದಾಟಿಸುವಂತಿಲ್ಲ.

ಯಾವಾಗ ಹೋಗುವುದು ಒಳ್ಳೆಯದು?

ನವೆಂಬರ್‌ನಿಂದ ಮಾರ್ಚ್. ಹೌದು, ಚಳಿ ಕೊರೆಯುತ್ತಿರುತ್ತದೆ, ಗಾಳಿಗೆ ಕಿವಿ ಉದುರಿ ಹೋಗುತ್ತದೇನೋ ಅನ್ನಿಸುತ್ತದೆ. ಆದರೆ ಬಿರುಗಾಳಿ ಬಂದು ಹೋದ ಮಾರನೇ ದಿನದ ದಂಡೆಗೆ ಸಮ ಯಾವುದೂ ಇಲ್ಲ. ಬೇಸಿಗೆಯಲ್ಲಿ ಸಿಗುವುದೇ ಇಲ್ಲ ಅಂತಲ್ಲ. ಆದರೆ ಹೊಸ ಮಾಲು ಕಡಿಮೆ, ಹೆಕ್ಕುವ ಕಣ್ಣುಗಳು ಜಾಸ್ತಿ.

ದಿನಕ್ಕಿಂತ ಮುಖ್ಯ ಹೊತ್ತು. ಸಮುದ್ರದ ನೀರು ಪೂರ್ತಿ ಇಳಿಯುವ ಸಮಯ ನೋಡಿಕೊಂಡು, ಅದಕ್ಕೆ ಎರಡು ಗಂಟೆ ಮೊದಲು ದಂಡೆಗೆ ಇಳಿಯಿರಿ. ಇಳಿಯುವ ನೀರಿನ ಹಿಂದೆಯೇ ಹೆಕ್ಕುತ್ತಾ ಹೋಗಿ. ನೀರು ತಿರುಗಿ ಏರತೊಡಗಿತು ಅಂದರೆ ನಿಮ್ಮ ಕಾಲೂ ಊರ ಕಡೆ ತಿರುಗಬೇಕು. ಆ ದಿನದ ಉಬ್ಬರ ಇಳಿತದ ಹೊತ್ತು ಫೋನಿನಲ್ಲೇ ಸಿಗುತ್ತದೆ.

ಅಪಾಯ ಏನಾದರೂ ಇದೆಯಾ?

ಇದೆ, ಮತ್ತು ಇದನ್ನು ಹಗುರವಾಗಿ ಹೇಳಲಾರೆ.

ಒಂದು, ಗುಡ್ಡ. ಅದರ ಬುಡದಲ್ಲಿ ಕೂತು ಬುತ್ತಿ ಬಿಚ್ಚಬೇಡಿ. ಕಲ್ಲು ಯಾವಾಗ ಉದುರುತ್ತದೆ ಅಂತ ಹೇಳಿ ಉದುರುವುದಿಲ್ಲ. 2008ರ ಮೇ ತಿಂಗಳಲ್ಲಿ ಲೈಮ್ ರೀಜಿಸ್ ಮತ್ತು ಚಾರ್ಮತ್ ನಡುವೆ ಸುಮಾರು 400 ಮೀಟರ್ ಉದ್ದದ ದಡ ಒಂದೇ ಸಲ ಜಾರಿ ಬಂತು. ಮೇಲೆ ಹಳೆಯ ಕಸದ ಗುಂಡಿ ಇತ್ತು, ಅದೂ ಕೆಳಗಿಳಿಯಿತು. ಆ ಕಡೆ ಅಮೋನೈಟ್ ಹುಡುಕುವಾಗ ತುಕ್ಕು ಹಿಡಿದ ಕಬ್ಬಿಣ, ಗಾಜಿನ ಚೂರು ಕೈಗೆ ಸಿಗುವುದು ಅದಕ್ಕೇ.

ಎರಡು, ನೀರು. ಏರುವ ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಸಿಕ್ಕಿಕೊಂಡರೆ ಹತ್ತಿ ಹೋಗಲು ದಾರಿ ಇರುವುದಿಲ್ಲ.

ಮೂರು, ಕೆಸರು. ಮೇಲಿಂದ ಹರಿದು ಬಂದ ಕಪ್ಪು ಮಣ್ಣಿನ ಹೊರಮೈ ಒಣಗಿ ಗಟ್ಟಿ ನೆಲದ ಹಾಗೆ ಕಾಣುತ್ತದೆ. ನಮ್ಮ ಗದ್ದೆಯಲ್ಲಿ ಓಡಾಡಿದವನು ನಾನು ಅನ್ನುವ ಜಂಬದಲ್ಲಿ ಒಮ್ಮೆ ಕಾಲಿಟ್ಟೆ. ಮೊಣಕಾಲಿನ ತನಕ ಹೋಯಿತು. ಕಾಲು ಬಂತು, ಬೂಟು ಬರಲಿಲ್ಲ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಸ್ ಹತ್ತಿದ ಫೋಟೋ ನನ್ನ ಹೆಂಡತಿಯ ಫೋನಿನಲ್ಲಿ ಇನ್ನೂ ಇದೆ.

ಸುತ್ತಿಗೆ ಒಯ್ಯಬೇಕಾ?

ಮೊದಲ ಮೂರ್ನಾಲ್ಕು ಸಲ ಬೇಡ. ಸುತ್ತಿಗೆ ಕೈಯಲ್ಲಿದ್ದರೆ ಕಂಡ ಕಲ್ಲನ್ನೆಲ್ಲ ಒಡೆಯಬೇಕು ಅನ್ನಿಸುತ್ತದೆ, ಕಣ್ಣು ಕೆಲಸ ಮಾಡುವುದನ್ನು ಬಿಡುತ್ತದೆ. ಮುಂದೆ ಬೇಕೆನಿಸಿದರೆ ಕಲ್ಲು ಒಡೆಯಲೆಂದೇ ಮಾಡಿದ ಸುತ್ತಿಗೆ ತಗೊಳ್ಳಿ. ಮನೆಯಲ್ಲಿ ಮೊಳೆ ಹೊಡೆಯುವ ಸುತ್ತಿಗೆಯ ಉಕ್ಕು ಇದಕ್ಕೆ ಆಗುವುದಿಲ್ಲ, ಚೂರು ಸಿಡಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಇಲ್ಲದೆ ಒಂದು ಪೆಟ್ಟೂ ಬೇಡ.

ದಂಡೆಯಲ್ಲಿ ನಿಂತರೆ ಬರೀ ಕಲ್ಲು ಕಾಣುತ್ತದೆ. ಏನನ್ನು ನೋಡಬೇಕು?

ಇದೇ ನಿಜವಾದ ಪ್ರಶ್ನೆ. ಉಳಿದದ್ದೆಲ್ಲ ತಯಾರಿ.

ಮೊದಲ ಸಲ ನಾನು ಮೂರು ಗಂಟೆ ನಡೆದೆ. ಏನೂ ಸಿಗಲಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜ, ಮೊಣಕಾಲಿಗೆ ಸ್ಪಂಜಿನ ತುಂಡು ಕಟ್ಟಿಕೊಂಡು, ಒಂದೇ ಜಾಗದಲ್ಲಿ ಕೂತಿದ್ದ. ಅವನ ಡಬ್ಬಿಯಲ್ಲಿ ಆಗಲೇ ಹದಿನೈದು ಇಪ್ಪತ್ತು ಇದ್ದವು. ನಾನು ನಿಂತು ನೋಡುವುದನ್ನು ಕಂಡು ಕೈ ಬೀಸಿ ಕರೆದು ಕೂರಿಸಿಕೊಂಡ. ಬೆರಳಿನಿಂದ ಮರಳಿನ ಮೇಲೆ ಒಂದು ಗೆರೆ ಎಳೆದ. ಗೆರೆಯ ಆ ಕಡೆ ಎಲ್ಲಾ ದೊಡ್ಡ ಉರುಟು ಕಲ್ಲು, ಬಣ್ಣ ಬಣ್ಣದ್ದು. ಈ ಕಡೆ ಕಡಲೆಕಾಳಿನಷ್ಟು, ಹುಣಸೆ ಬೀಜದಷ್ಟು ಸಣ್ಣ ಚೂರುಗಳು, ಬಹುಪಾಲು ಕಪ್ಪು. ಅಕ್ಕಿಯನ್ನು ಮೊರದಲ್ಲಿ ಕೇರಿದಾಗ ಹಗುರದ್ದು ಒಂದು ಕಡೆ, ಭಾರದ್ದು ಒಂದು ಕಡೆ ಆಗುತ್ತದಲ್ಲ, ಸಮುದ್ರವೂ ಹಾಗೇ ಕೇರುತ್ತದೆ. ಚಾರ್ಮತ್‌ನ ಸಣ್ಣ ಅಮೋನೈಟುಗಳು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ಗಾತ್ರ ಸಣ್ಣದು, ತೂಕ ಜಾಸ್ತಿ. ಹಾಗಾಗಿ ತೂಕದ ಚೂರುಗಳು ನಿಂತ ಕಪ್ಪು ಪಟ್ಟೆಯಲ್ಲೇ ಅವೂ ನಿಲ್ಲುತ್ತವೆ.

ಅಲ್ಲಿ ಕೂತೆ. ಹತ್ತು ನಿಮಿಷ ಬರೀ ಕಪ್ಪು. ಆಮೇಲೆ ಒಂದು ಚೂರಿನ ಅಂಚಿನಲ್ಲಿ ಒಂದೇ ಅಂತರದ ನಾಲ್ಕು ಗೀರು ಕಂಡವು. ಉಗುರಿನಲ್ಲಿ ಕೆರೆದು ಎತ್ತಿದೆ. ಹಳೆಯ ಐದು ಪೈಸೆಗಿಂತ ಚಿಕ್ಕದು. ಒದ್ದೆಯಾಗಿದ್ದಾಗ ಹಿತ್ತಾಳೆ ಬಣ್ಣ. ನಡುವಿನಿಂದ ಹೊರಟು ಮೂರು ಸುತ್ತು, ಸುತ್ತಿನ ಉದ್ದಕ್ಕೂ ಏಣು. ಅಜ್ಜ ನೋಡಿ, ಪ್ರೊಮೈಕ್ರೊಸೆರಾಸ್ ಅಂದ. ಇಲ್ಲಿ ತೀರಾ ಸಾಮಾನ್ಯವಾಗಿ ಸಿಗುವಂಥದ್ದು. ನನಗೆ ಮಾತ್ರ ಲಾಟರಿ ಹೊಡೆದ ಹಾಗಾಗಿತ್ತು.

ಅವನಿಂದ ಕಲಿತ ಉಪಾಯ: ಅಮೋನೈಟ್ ಹುಡುಕಬೇಡಿ, ಕ್ರಮ ಹುಡುಕಿ. ಒಂದೇ ಅಂತರದ ಗೀರು, ಸರಿಯಾದ ಬಾಗು, ಎರಡು ಕಡೆ ಒಂದೇ ತರಹದ ಆಕಾರ. ಒಡೆದ ಕಲ್ಲಿನಲ್ಲಿ ಇವು ಇರುವುದಿಲ್ಲ.

ಅಮೋನೈಟ್ ಅಲ್ಲದ್ದೂ ಬೇಕಾದಷ್ಟು ಸಿಗುತ್ತದೆ. ಪೆನ್ಸಿಲ್ ತುಂಡಿನ ಹಾಗಿದ್ದು ತುದಿ ಚೂಪಾಗಿದ್ದರೆ ಬೆಲೆಮ್ನೈಟ್, ಅದೂ ಸ್ಕ್ವಿಡ್ ಕಡೆಯ ನೆಂಟನೇ. ಸಣ್ಣ ನಕ್ಷತ್ರದ ಆಕಾರದ ಬಿಲ್ಲೆಯಾದರೆ ಕಡಲ ಲಿಲ್ಲಿ ಎನ್ನುವ ಪ್ರಾಣಿಯ ಕಾಂಡದ ತುಂಡು. ನನಗೆ ಅಮೋನೈಟ್‌ಗಿಂತ ಅದೇ ಜಾಸ್ತಿ ಇಷ್ಟ ಅಂದರೆ ಇಲ್ಲಿನ ಹಳಬರು ನಗುತ್ತಾರೆ.

ಹೊಳೆಯುತ್ತದಲ್ಲ, ಬಂಗಾರ ಏನಾದರೂ?

ಅಲ್ಲ. ಆದರೆ ಹೇಗೆ ಹೀಗಾಯಿತು ಅನ್ನುವ ಕಥೆ ಬಂಗಾರಕ್ಕಿಂತ ಚೆನ್ನಾಗಿದೆ. ಸತ್ತ ಅಮೋನೈಟ್ ತಳದ ಕೆಸರಿಗೆ ಬಿತ್ತು. ಆ ಕೆಸರಿನಲ್ಲಿ ಆಮ್ಲಜನಕ ಇರಲಿಲ್ಲ. ಅಂಥ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಕೊಳೆಯುವ ಮೈಯನ್ನು ತಿನ್ನುತ್ತಾ, ಸಮುದ್ರದ ನೀರಿನ ಸಲ್ಫೇಟಿನಿಂದ ಕೊಳೆತ ಮೊಟ್ಟೆ ವಾಸನೆಯ ಅನಿಲ ಮಾಡಿದವು. ಅದು ಕೆಸರಿನಲ್ಲಿದ್ದ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಗಿ ಚಿಪ್ಪಿನ ಒಳಕೋಣೆಗಳಲ್ಲಿ ತುಂಬಿಕೊಂಡಿತು. ಹೊರಸುತ್ತಿನ ಖಾಲಿ ಜಾಗ ಮಣ್ಣಿನ ಭಾರಕ್ಕೆ ಅಪ್ಪಚ್ಚಿಯಾಯಿತು. ಅದಕ್ಕೇ ಇಲ್ಲಿ ಸಿಗುವುದು ಎಷ್ಟೋ ಸಲ ಒಳಸುತ್ತು ಮಾತ್ರ.

ಉಂಡೆಗಲ್ಲು ಒಡೆದರೆ ಒಳಗೆ ದೊಡ್ಡದು ಸಿಗುತ್ತದಂತೆ, ನಿಜವಾ?

ಕೆಲವು ಉಂಡೆಗಳಲ್ಲಿ. ಎಲ್ಲದರಲ್ಲೂ ಅಲ್ಲ. ಮೆತ್ತನೆ ಜೇಡಿಯ ನಡುವೆ ಅಲ್ಲಲ್ಲಿ ಸುಣ್ಣ ಗಟ್ಟಿಯಾಗಿ ಉಂಡೆ ಕಟ್ಟಿದೆ. ಅದರೊಳಗೆ ಸಿಕ್ಕಿಕೊಂಡ ಅಮೋನೈಟ್ ಅಪ್ಪಚ್ಚಿಯಾಗದೆ ಉಳಿದಿರುತ್ತದೆ. ಆಸ್ಟರೊಸೆರಾಸ್ ಅನ್ನುವ ಜಾತಿ ಹಾಗೆ ಸಿಕ್ಕರೆ ಅಂಗೈ ತುಂಬುತ್ತದೆ.

ಒಂದು ಬಗೆಯ ಉಂಡೆಯನ್ನು ಇಲ್ಲಿಯವರು ‘ಬರ್ಚೈ ಉಂಡೆ’ ಎನ್ನುತ್ತಾರೆ. ಒಳಗಿರುವ ಅಮೋನೈಟಿಗೆ ಥಾಮಸ್ ಬರ್ಚ್ ಎಂಬ ನಿವೃತ್ತ ಸೇನಾಧಿಕಾರಿಯ ಹೆಸರಿದೆ. ಲೈಮ್ ರೀಜಿಸ್‌ನ ಆನಿಂಗ್ ಕುಟುಂಬ ಪಳೆಯುಳಿಕೆ ಮಾರಿ ಹೊಟ್ಟೆ ಹೊರೆಯುತ್ತಿತ್ತು. ಒಂದು ವರ್ಷ ಏನೂ ಸಿಗದೆ, ಮನೆಯ ಸಾಮಾನು ಮಾರುವ ಸ್ಥಿತಿಗೆ ಬಂದಿತ್ತು. ಬರ್ಚ್ 1820ರಲ್ಲಿ ತನ್ನ ಸಂಗ್ರಹವನ್ನೇ ಲಂಡನ್ನಿನಲ್ಲಿ ಹರಾಜಿಗೆ ಹಾಕಿದ. ಬಂದ ಸುಮಾರು 400 ಪೌಂಡನ್ನು ಆ ಮನೆಯವರಿಗೆ ಕೊಟ್ಟ. ಆತ ಕೊಂಡಿದ್ದರಲ್ಲಿ ಎಷ್ಟೋ ಮಾಲು ಅವರೇ ಹೆಕ್ಕಿ ಮಾರಿದ್ದು.

ಮೇರಿ ಆನಿಂಗ್ ಅಂದರೆ ಆ ಮನೆಯವಳೇ?

ಅವಳೇ, ಪಳೆಯುಳಿಕೆ ಹೆಕ್ಕಿ ಹೆಸರಾದವಳು. ಹುಟ್ಟಿದ್ದು 1799, ತೀರಿಕೊಂಡದ್ದು 1847. ಬಡಗಿಯ ಮಗಳು. ಅಣ್ಣ ಜೋಸೆಫ್ 1811ರಲ್ಲಿ ಒಂದು ದೊಡ್ಡ ತಲೆಬುರುಡೆ ಕಂಡ. ಅದರ ಉಳಿದ ಮೈಯನ್ನು ಹುಡುಕಿ ತೆಗೆದವಳು ಹನ್ನೆರಡರ ಆಸುಪಾಸಿನ ಮೇರಿ. ಅದು ಇಕ್ತಿಯೊಸಾರ್, ಮೀನಿನ ಆಕಾರದ ಸಮುದ್ರ ಸರೀಸೃಪ. 1823ರಲ್ಲಿ ಪ್ಲೀಸಿಯೊಸಾರ್ ಎಂಬ ಉದ್ದ ಕತ್ತಿನ ಸಮುದ್ರ ಸರೀಸೃಪವನ್ನು ಪೂರ್ತಿಯಾಗಿ ತೆಗೆದಳು. ಅವಳು ಹೆಕ್ಕಿದ್ದರ ಮೇಲೆ ಪ್ರಬಂಧ ಬರೆದು ಹೆಸರು ಮಾಡಿದ ಗಂಡಸರು ಬಹಳ ಮಂದಿ. ಹೆಂಗಸು ಅನ್ನುವ ಕಾರಣಕ್ಕೆ ಲಂಡನ್ನಿನ ಭೂವಿಜ್ಞಾನ ಸಂಘ ಅವಳನ್ನು ಸದಸ್ಯಳಾಗಿ ಸೇರಿಸಿಕೊಳ್ಳಲಿಲ್ಲ. ಜೊತೆಗಿದ್ದ ನಾಯಿ ಟ್ರೇ 1833ರಲ್ಲಿ ಗುಡ್ಡ ಕುಸಿದು ಸತ್ತಿತು, ಅವಳು ಕೂದಲೆಳೆಯಲ್ಲಿ ಪಾರಾದಳು. 2022ರಲ್ಲಿ ಲೈಮ್ ರೀಜಿಸ್‌ನಲ್ಲಿ ಅವಳ ಪ್ರತಿಮೆ ನಿಲ್ಲಿಸಿದರು, ನಾಯಿಯ ಸಮೇತ. ಅವಳು ಹುಟ್ಟಿದ ಮನೆಯ ಜಾಗದಲ್ಲಿ ಈಗ ಊರಿನ ಮ್ಯೂಸಿಯಂ ಇದೆ. ಮಳೆ ಬಂದು ದಂಡೆಗೆ ಇಳಿಯಲಾಗದಿದ್ದರೆ ಅಲ್ಲಿಗೆ ಹೋಗಿ. ಹೋಗುವ ದಾರಿಯಲ್ಲಿ ಬೀದಿ ದೀಪದ ಕಂಬಗಳನ್ನೂ ನೋಡಿ, ಅಮೋನೈಟ್ ಸುರುಳಿ ಇಟ್ಟು ಮಾಡಿದ್ದಾರೆ.

ಮನೆಗೆ ತಂದ ಮೇಲೆ ಏನು ಮಾಡಬೇಕು?

ನಾನು ಮಾಡಿದ್ದನ್ನು ಮಾಡಬೇಡಿ. ಮೊದಲ ವರ್ಷದ ನಲವತ್ತು ಪೈರೈಟ್ ಅಮೋನೈಟುಗಳನ್ನು ನಲ್ಲಿಯಲ್ಲಿ ಒಂದು ಸಲ ತೊಳೆದು, ಹತ್ತಿ ಹಾಸಿದ ಸಿಹಿತಿಂಡಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಿಟಕಿಯ ಕೆಳಗೆ ಇಟ್ಟಿದ್ದೆ. ಮರುವರ್ಷ ತಮ್ಮ ಬಂದಾಗ ತೋರಿಸೋಣ ಅಂತ ಮುಚ್ಚಳ ತೆಗೆದರೆ ದೀಪಾವಳಿ ಪಟಾಕಿಯ ವಾಸನೆ. ಅರ್ಧದಷ್ಟು ಒಡೆದು, ಬೂದು ಬಿಳಿ ಪುಡಿಯಾಗಿದ್ದವು. ಹೆಸರು ಬರೆದಿಟ್ಟ ಕಾಗದದ ಚೀಟಿಗಳು ಕಂದು ಬಣ್ಣಕ್ಕೆ ತಿರುಗಿ ತೂತಾಗಿದ್ದವು.

ಆದದ್ದು ಇಷ್ಟು. ತೇವ ಮತ್ತು ಗಾಳಿ ಸಿಕ್ಕರೆ ಪೈರೈಟ್ ನಿಧಾನವಾಗಿ ಸುಡುತ್ತದೆ ಅಂತಲೇ ಅಂದುಕೊಳ್ಳಿ. ಗಂಧಕಾಮ್ಲ ಹುಟ್ಟುತ್ತದೆ, ಅದು ಪಕ್ಕದವನ್ನೂ ಡಬ್ಬಿಯನ್ನೂ ಚೀಟಿಯನ್ನೂ ತಿನ್ನುತ್ತದೆ. ಗಾಳಿಯ ತೇವಾಂಶ ಶೇ. 60 ದಾಟಿದರೆ ಇದು ಜೋರಾಗುತ್ತದೆ.

ಈಗ ನಾನು ಮಾಡುವ ಕ್ರಮ: ಉಪ್ಪು ಹೋಗಲು ಸಿಹಿನೀರಿನಲ್ಲಿ ಕೆಲವು ದಿನ ನೆನೆಸಿ, ನೀರು ಬದಲಿಸುತ್ತಿರುತ್ತೇನೆ. ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಬೆಚ್ಚಗಿನ ಜಾಗದಲ್ಲಿ ಪೂರ್ತಿ ಒಣಗಿಸುತ್ತೇನೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಹೊಸ ಶೂ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ ಪೊಟ್ಟಣ. ವರ್ಷಕ್ಕೆರಡು ಸಲ ತೆಗೆದು ನೋಡುತ್ತೇನೆ. ಪುಡಿ ಉದುರಿಸುವವನು ಕಂಡರೆ ಬೇರೆ ಡಬ್ಬಿಗೆ ಗಡೀಪಾರು. ಸುಣ್ಣಕಲ್ಲಿನ ಅಮೋನೈಟಿಗೆ ಈ ರಗಳೆ ಇಲ್ಲ. ಅದನ್ನು ವಿನೆಗರ್ ಹಾಕಿ ತೊಳೆಯಲು ಮಾತ್ರ ಹೋಗಬೇಡಿ. ಕಲ್ಲಿನ ಜೊತೆ ಪಳೆಯುಳಿಕೆಯೂ ಕರಗುತ್ತದೆ.

ಇನ್ನೊಂದು ಮಾತು. ಎಲ್ಲಿ ಸಿಕ್ಕಿತು, ಯಾವ ದಿನ, ಅವತ್ತೇ ಬರೆದಿಡಿ. ಜಾಗದ ಹೆಸರಿಲ್ಲದ ಪಳೆಯುಳಿಕೆ ವಿಳಾಸವಿಲ್ಲದ ಕಾಗದದ ಹಾಗೆ.

ಇದು ಎಷ್ಟು ಹಳೆಯದು? ಅದು ಹೇಗೆ ಗೊತ್ತಾಗುತ್ತೆ?

ಚಾರ್ಮತ್‌ನವು 19 ಕೋಟಿ ವರ್ಷದ ಆಸುಪಾಸಿನವು. ವರ್ಷದ ಲೆಕ್ಕ ಬರುವುದು ಜ್ವಾಲಾಮುಖಿ ಬೂದಿಯಂಥ ಪದರಗಳ ವಿಕಿರಣ ಅಳತೆಯಿಂದ. ಆದರೆ ಯಾವ ಪದರ ಮೊದಲು, ಯಾವುದು ಆಮೇಲೆ ಅನ್ನುವುದಕ್ಕೆ ಅಮೋನೈಟೇ ಗಡಿಯಾರ. ಅವು ಬೇಗ ಬೇಗ ರೂಪ ಬದಲಿಸಿದವು, ಸಮುದ್ರದಲ್ಲಿ ದೂರ ದೂರ ಹರಡಿದವು. ಒಂದು ಜಾತಿ ಇದ್ದ ಕಾಲ ಎಷ್ಟೋ ಸಲ ಹತ್ತು ಲಕ್ಷ ವರ್ಷಕ್ಕಿಂತ ಕಡಿಮೆ. ಜರ್ಮನಿಯ ಆಲ್ಬರ್ಟ್ ಆಪೆಲ್ 1850ರ ದಶಕದಲ್ಲಿ ಇದನ್ನೇ ಹಿಡಿದು ಜುರಾಸಿಕ್ ಕಲ್ಲುಗಳನ್ನು ವಲಯಗಳಾಗಿ ಹಂಚಿದ. ಇಲ್ಲಿನ ಹಳಬರು ಕೈಯಲ್ಲಿನ ಅಮೋನೈಟ್ ನೋಡಿ ಅದು ಗುಡ್ಡದ ಯಾವ ಪಟ್ಟೆಯಿಂದ ಬಿತ್ತು ಅಂತ ಹೇಳುವುದು ಇದರಿಂದಲೇ.

ನಮ್ಮನೆ ಸಾಲಿಗ್ರಾಮವೂ ಅಮೋನೈಟಾ?

ಚಕ್ರ ಇರುವ ಸಾಲಿಗ್ರಾಮವಾದರೆ, ಹೌದು. ನೇಪಾಳದ ಮುಕ್ತಿನಾಥದ ಸುತ್ತಮುತ್ತ, ಕಾಳಿ ಗಂಡಕಿ ನದಿಯಲ್ಲಿ ಸಿಗುವ ಕಪ್ಪು ಉಂಡೆಗಲ್ಲು ಅದು. ಮೂಲ, ಹಿಮಾಲಯದ ಎತ್ತರದಲ್ಲಿರುವ ಕಪ್ಪು ಜೇಡಿಕಲ್ಲಿನ ಪದರ. ಸ್ಪಿತಿ ಶೇಲ್ ಅಂತ ಹೆಸರು. ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆಯುವ ಮೊದಲು ನಡುವೆ ಟೆಥಿಸ್ ಎಂಬ ಸಮುದ್ರವಿತ್ತು. ಅದರ ತಳದ ಕೆಸರೇ ಮಡಿಸಿಕೊಂಡು ಮೇಲೆದ್ದು ಈಗ ಮಂಜಿನ ಬೆಟ್ಟ. ಚಕ್ರ ಅನ್ನುವುದು ಅಮೋನೈಟ್ ಸುರುಳಿಯ ಅಚ್ಚು, ಚಕ್ರದ ಅರೆಗಳು ಅನ್ನುವುದು ಅದರ ಏಣು. ವಜ್ರಕೀಟ ಎಂಬ ಹುಳು ಕೊರೆದು ಚಕ್ರ ಮಾಡಿತು ಅಂತ ಹಿರಿಯರು ಹೇಳುತ್ತಿದ್ದರು. ಒಂದು ಜೀವಿಯ ಕೈವಾಡ ಅಂತ ಅವರು ಊಹಿಸಿದ್ದರಲ್ಲ, ಅದು ನನಗೆ ಬಹಳ ಹಿಡಿಸುತ್ತದೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಒಂದು ಕಪ್ಪು ಉಂಡೆಯ ಬಿರುಕಿನಲ್ಲಿ ಸುರುಳಿ ಕಂಡು, ‘ಇದನ್ನ ಟಿವಿ ಪಕ್ಕ ಇಟ್ಟಿದೀಯಲ್ಲೋ!’ ಎಂದು ಗದರಿದರು. ಇದು ಗಂಡಕಿಯದಲ್ಲಮ್ಮ, ಇಂಗ್ಲೆಂಡಿಂದು ಅಂದೆ. ‘ಚಕ್ರ ಚಕ್ರಾನೇ’ ಅಂದರು. ಆ ಒಂದು ಕಲ್ಲು ಈಗ ದೇವರ ಗೂಡಿನಲ್ಲಿದೆ. ಸಿಲಿಕಾ ಜೆಲ್ ಬದಲು ತುಳಸಿ.

ಕರ್ನಾಟಕದಲ್ಲಿ ಎಲ್ಲಿ ಸಿಗುತ್ತದೆ?

ಸಿಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಕೇಳಿ. ನಮ್ಮ ನೆಲ ಅಮೋನೈಟ್‌ಗೆ ತೀರಾ ಹಿರಿಯದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಮೋನೈಟ್ ಬಳಗ ಹುಟ್ಟಿದ್ದೇ ಸುಮಾರು 40 ಕೋಟಿ ವರ್ಷದ ಹಿಂದೆ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ನೀರಿನ ತಳದಲ್ಲಿ ಆದದ್ದೇ ಆದರೂ ಚಿಪ್ಪಿನ ಪ್ರಾಣಿಗಳೇ ಇಲ್ಲದ ಕಾಲದ್ದು. ಇನ್ನು ಉತ್ತರದ ಬೀದರ್, ವಿಜಯಪುರ ಕಡೆಯ ಕಪ್ಪು ಕಲ್ಲು ಲಾವಾ, ಅದರಲ್ಲಿ ಸಮುದ್ರದ ಚಿಪ್ಪು ಎಲ್ಲಿಂದ ಬರಬೇಕು? ಆ ಲಾವಾ ಹರಿದದ್ದು 6.6 ಕೋಟಿ ವರ್ಷದ ಆಸುಪಾಸಿನಲ್ಲಿ, ಸರಿಯಾಗಿ ಅಮೋನೈಟುಗಳು ಮುಗಿದು ಹೋದ ಕಾಲ.

ಹತ್ತಿರದಲ್ಲಿ ಅಂದರೆ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ. ಜುರಾಸಿಕ್ ಆದ ಮೇಲಿನ ಕ್ರಿಟೇಶಿಯಸ್ ಕಾಲದಲ್ಲಿ ಅಲ್ಲಿಯವರೆಗೆ ಸಮುದ್ರ ಒಳಗೆ ಬಂದಿತ್ತು. ಕಾರೈ ಊರಿನ ಹತ್ತಿರ ಮಳೆ ಕೊರೆದ ಬೋಳು ದಿಣ್ಣೆಗಳಿವೆ. ಅಲ್ಲಿನ ಅಮೋನೈಟುಗಳನ್ನು ಸ್ಟೊಲಿಚ್ಕಾ ಎಂಬ ವಿಜ್ಞಾನಿ 1860ರ ದಶಕದಲ್ಲೇ ವಿವರಿಸಿದ್ದ. ಗುಜರಾತಿನ ಕಛ್ ಜುರಾಸಿಕ್ ಅಮೋನೈಟುಗಳಿಗೆ ಪ್ರಪಂಚದಲ್ಲೇ ಹೆಸರುವಾಸಿ. ಜೈಸಲ್ಮೇರ್, ಸ್ಪಿತಿ ಕಣಿವೆಯಲ್ಲೂ ಇವೆ. ಆದರೆ ಡಾರ್ಸೆಟ್‌ನ ಹಾಗೆ ಚೀಲ ಹಿಡಿದು ಹೋಗಬೇಡಿ. ಅಲ್ಲಿ ಎತ್ತದಿದ್ದರೆ ನಾಳೆ ಸಮುದ್ರ ಪಾಲು ಅನ್ನುವ ಅವಸರವೇನೂ ಇಲ್ಲ. ನೋಡಿ ಬರಲು ಹೋಗಿ.

ಹಾವು ಕಲ್ಲಾಗಿದ್ದು ಅಂತ ಒಂದು ಅಂಗಡಿಯಲ್ಲಿ ತಲೆ ಸಮೇತ ಇಟ್ಟಿದ್ದರು?

ತಲೆ ಕೆತ್ತಿದ್ದು. ಇದು ಯಾರ್ಕ್‌ಶೈರಿನ ವಿಟ್ಬಿ ಊರಿನ ಹಳೆಯ ವ್ಯಾಪಾರ. ಹಿಲ್ಡಾ ಎಂಬ ಸನ್ಯಾಸಿನಿ ಅಲ್ಲಿನ ಹಾವುಗಳನ್ನೆಲ್ಲ ಕಲ್ಲು ಮಾಡಿದಳು ಅನ್ನುವುದು ದಂತಕಥೆ. ತಲೆ ಯಾಕಿಲ್ಲ ಅಂತ ಗಿರಾಕಿಗಳು ಕೇಳಿದರು, ಅಂಗಡಿಯವರು ತಲೆ ಕೆತ್ತಿ ಕೊಟ್ಟರು. ವಿಜ್ಞಾನಿಗಳೂ ಅವಳನ್ನು ಮರೆಯಲಿಲ್ಲ. ಅಲ್ಲಿ ಸಿಗುವ ಒಂದು ಜಾತಿಯ ಹೆಸರು ಹಿಲ್ಡೊಸೆರಾಸ್.

ಕೊಂಡುಕೊಂಡರೆ ತಪ್ಪಾ?

ತಪ್ಪೇನಿಲ್ಲ, ಮೇರಿ ಆನಿಂಗ್ ಬದುಕಿದ್ದೇ ಮಾರಿ. ನಡುವೆ ಸೀಳಿ ಪಾಲಿಶ್ ಮಾಡಿ, ಕೋಣೆಗಳು ಕಾಣುವ ಹಾಗೆ ಜೋಡಿಯಾಗಿ ಮಾರುವವು ಸಾಮಾನ್ಯವಾಗಿ ಮಡಗಾಸ್ಕರ್‌ನವು. ಎರಡು ಹೋಳನ್ನೂ ಕೇಳಿ ತಗೊಳ್ಳಿ, ಒಂದಕ್ಕೊಂದು ಕೂರಬೇಕು. ನಕಲಿಯೂ ಇದೆ. ಭೂತಗನ್ನಡಿಯಲ್ಲಿ ಗುಳ್ಳೆಗಳ ತೂತು ಕಂಡರೆ ಅಂಟು ಸುರಿದು ಮಾಡಿದ್ದು. ಸಾಲಾಗಿಟ್ಟ ಹತ್ತೂ ಅಚ್ಚಿನಲ್ಲಿ ತೆಗೆದ ಹಾಗೆ ಒಂದೇ ತರಹ ಇದ್ದರೆ ಅಂಗಡಿಯಿಂದ ಹೊರಬನ್ನಿ.

ಎಲ್ಲಕ್ಕಿಂತ ದೊಡ್ಡದು ಎಷ್ಟು ದೊಡ್ಡದಿತ್ತು?

ಜರ್ಮನಿಯ ಸೆಪ್ಪೆನ್‌ರಾಡೆಯಲ್ಲಿ 1895ರಲ್ಲಿ ಸಿಕ್ಕಿದ್ದರ ಅಡ್ಡಳತೆ 1.74 ಮೀಟರ್. ಅದೂ ಹೊರಸುತ್ತು ಪೂರ್ತಿ ಇಲ್ಲದೆ. ನನಗಿಂತ ಎತ್ತರ.

ಇಷ್ಟೆಲ್ಲ ಇದ್ದವು ಯಾಕೆ ಅಳಿದವು? ನಾಟಿಲಸ್ ಹೇಗೆ ಉಳಿಯಿತು?

6.6 ಕೋಟಿ ವರ್ಷದ ಹಿಂದೆ ಈಗಿನ ಮೆಕ್ಸಿಕೋ ಹತ್ತಿರ ಬಿದ್ದ ಕ್ಷುದ್ರಗ್ರಹದ ಹೊಡೆತ ಡೈನೋಸಾರ್‌ಗಳಿಗೆ ಮಾತ್ರವಲ್ಲ, ಇವಕ್ಕೂ ಬಿತ್ತು. ಹೆಚ್ಚಿನವರು ಒಪ್ಪುವ ವಿವರಣೆ ಮರಿಗಳ ಬಗ್ಗೆ. ಅಮೋನೈಟ್ ಮರಿ ಸಾಸಿವೆ ಕಾಳಿನಷ್ಟು. ಸಮುದ್ರದ ಮೇಲ್ಪದರದಲ್ಲಿ ತೇಲಿಕೊಂಡು, ಅಲ್ಲಿನ ಸೂಕ್ಷ್ಮ ಜೀವಿಗಳನ್ನು ತಿಂದು ಬೆಳೆಯಬೇಕಿತ್ತು. ಆ ಮೇಲ್ಪದರವೇ ಕೆಟ್ಟಿತು. ನಾಟಿಲಸ್ ಇಡುವುದು ಕೆಲವೇ ದೊಡ್ಡ ಮೊಟ್ಟೆ, ಅದರ ಮರಿ ಬುತ್ತಿ ಕಟ್ಟಿಕೊಂಡೇ ಹುಟ್ಟುತ್ತದೆ.

ಮಕ್ಕಳನ್ನು ಕರೆದೊಯ್ಯಬಹುದಾ?

ಧಾರಾಳವಾಗಿ. ಅವರ ಕಣ್ಣು ನೆಲಕ್ಕೆ ಹತ್ತಿರ, ನಮಗಿಂತ ಮೊದಲು ಅವರಿಗೇ ಸಿಗುತ್ತದೆ. ಗುಡ್ಡದಿಂದ ದೂರ, ನೀರಿನ ಅಂಚಿನ ಕಡೆ ಇರಿಸಿಕೊಳ್ಳಿ. ಮೊದಲ ಸಲವಾದರೆ ಚಾರ್ಮತ್ ಸೆಂಟರ್‌ನವರು ನಡೆಸುವ ಸುತ್ತಾಟಕ್ಕೆ ಸೇರಿಕೊಳ್ಳುವುದು ಒಳ್ಳೆಯದು. ಚಿತ್ರಾನ್ನ ಒಯ್ದರೆ ಡಬ್ಬಿ ಬಿಗಿಯಾಗಿ ಮುಚ್ಚಿ, ಇಲ್ಲಿನ ಕಡಲಹಕ್ಕಿಗಳಿಗೆ ಸಂಕೋಚ ಕಡಿಮೆ.

ಊರಿಗೆ ಒಯ್ಯುವಾಗ?

ಸುತ್ತಿಗೆಯನ್ನು ವಿಮಾನದೊಳಗಿನ ಕೈಚೀಲದಲ್ಲಿ ಇಡಬೇಡಿ, ಬಿಡುವುದಿಲ್ಲ. ಕಲ್ಲುಗಳನ್ನು ಕಾಲುಚೀಲದೊಳಗೆ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಪೈರೈಟಿನದಾದರೆ ನಮ್ಮ ಮಂಗಳೂರು, ಉಡುಪಿ ಮಳೆಗಾಲಕ್ಕೆ ಕಳಿಸಲೇಬೇಡಿ, ಎರಡು ಮಳೆಗಾಲ ತಾಳುವುದೂ ಅನುಮಾನ. ಕೊಡಲೇಬೇಕಿದ್ದರೆ ಸುಣ್ಣಕಲ್ಲಿನದು ಕೊಡಿ.

ಇಡೀ ದಿನ ಹುಡುಕಿ ಏನೂ ಸಿಗದಿದ್ದರೆ?

ಚಾರ್ಮತ್ ಬೀಚಿನ ಕೆಫೆಯಲ್ಲಿ ಬಿಸಿ ಚಹಾ ತಗೊಂಡು ಕೂತು ಬೂಟು ಬಿಚ್ಚಿ. ಅಡಿಯ ಗೀರುಗಳಲ್ಲಿ ಸಿಕ್ಕಿಕೊಂಡ ಮಣ್ಣನ್ನು ಕಡ್ಡಿಯಲ್ಲಿ ಕೆದಕಿ ನೋಡಿ. ತಮಾಷೆ ಅಲ್ಲ. ನನ್ನ ಮಗಳಿಗೆ ಅವಳ ಮೊದಲನೆಯದು ಸಿಕ್ಕಿದ್ದು ಅಲ್ಲೇ, ಎಡಗಾಲಿನ ಹಿಮ್ಮಡಿಯಲ್ಲಿ.